ಅಪ್ಪಟ ಬೂದು

ಸಾಹೇಬರ ಎಡಗಿವಿ ಹಸಿರಾಗಿತ್ತು. ಬಲಗಿವಿ ನೆರಳಿನಲ್ಲಿದ್ದುದರಿಂದ ಅದರ ಮಾತು ಬೇರೆ. ಗುಮಾಸ್ತ ಇನ್ನೂ ಆರದ ಶಾಯಿಗೆ ಬೆರಳು ತಾಗದ ಹಾಗೆ ಚಿತ್ರದ ಹಾಳೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ನಡೆದ. ಬೆಳಕಿಗೆ ಬಂದರೆ ಹಸಿರು ಕಡಿಮೆಯಾದೀತು ಎಂದುಕೊಂಡಿದ್ದ. ಅದು ಕಿವಿಯಿಂದ ಕೆನ್ನೆಗೆ ಇಳಿದು, ಕತ್ತಿನ ಮಡಿಕೆಯಲ್ಲಿ ಹೋಗಿ ನಿಂತಿತು, ನೀರಿನ ತೊಟ್ಟಿಯ ಒಳಗೋಡೆಗೆ ಹಿಡಿಯುವ ಪಾಚಿಯ ಹಾಗೆ. ಹಿಂದಕ್ಕೆ ಬಂದು ಟ್ಯೂಬ್‌ಲೈಟಿನ ಕೆಳಗೆ ಹಿಡಿದ. ಈಗ ಅದೇ ಕೆನ್ನೆ ನಸುಗುಲಾಬಿ, ಸಾಹೇಬರ ಕಿವಿಯಲ್ಲಿ ಯಾರೋ ಆಡಬಾರದ ಮಾತೊಂದನ್ನು ಆಡಿ ನಾಚಿಸಿದಂತೆ. ಮತ್ತೆ ಕಿಟಕಿಗೆ ಹೋದ, ಪಾಚಿ. ಮತ್ತೆ ದೀಪದ ಕೆಳಗೆ ಬಂದ, ನಾಚಿಕೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, ಭಾನುವಾರವೂ ಆ ಮನುಷ್ಯನನ್ನು ಎತ್ತಿಕೊಂಡು ಮನೆಯೆಲ್ಲ ತಿರುಗುತ್ತೀರಲ್ಲ, ಅದೇನು ಅಳುವ ಕೂಸೇ ಎಂದಳು. ನಿಜಕ್ಕೂ ಅವನಿಗೆ ಕೂಸನ್ನು ಎತ್ತಿಕೊಂಡ ಹಾಗೆಯೇ ಅನಿಸಿತ್ತು. ಎಲ್ಲಿ ಕೈಜಾರಿ ಬೀಳುತ್ತದೋ ಎಂಬ ಭಯ, ಅದರ ಬೆನ್ನಿಗೇ ಎಲ್ಲಾದರೂ ಇಟ್ಟು ಓಡಿಹೋಗಿಬಿಡಬೇಕೆಂಬ ಆಸೆ.

ನೀರು ಸರಬರಾಜು ಕಚೇರಿಯ ಉದ್ದನೆಯ ಪಡಸಾಲೆಯಲ್ಲಿ ಹಿಂದಿನ ಮುಖ್ಯಾಧಿಕಾರಿಗಳೆಲ್ಲ ಸಾಲಾಗಿ ಗೋಡೆಯ ಮೇಲಿದ್ದರು. ಎಲ್ಲರೂ ಕಪ್ಪುಬಿಳುಪು, ಒಂದೇ ಅಳತೆ, ಒಂದೇ ಥರದ ಚೌಕಟ್ಟು. ನಿವೃತ್ತರಾಗುವವರ ಚಿತ್ರವನ್ನು ಬೀಳ್ಕೊಡುಗೆಯ ದಿನ ಆ ಸಾಲಿನ ಕೊನೆಗೆ ತೂಗುಹಾಕಿ, ಅದರ ಕೆಳಗೆ ನಿಂತು ಹೊಸಬರ ಕೈಗೆ ಕೋಣೆಯ ಬೀಗದ ಕೈ ಕೊಡುವುದು ನಡೆದುಬಂದದ್ದು. ಈ ಚಿತ್ರಗಳನ್ನು ತೆಗೆದು, ಕತ್ತಲೆ ಕೋಣೆಯಲ್ಲಿ ತೊಳೆದು ಕೊಡುತ್ತಿದ್ದ ಸ್ಟುಡಿಯೋದ ಮುದುಕ ಅಂಗಡಿ ಮುಚ್ಚಿ ಮಗಳ ಮನೆ ಸೇರಿದ್ದ. ಏನು ಮಾಡುವುದೆಂದು ಸಭೆಯಲ್ಲಿ ಎಲ್ಲರೂ ಮೇಜನ್ನೇ ನೋಡುತ್ತಿದ್ದಾಗ, ತನ್ನ ಮನೆಯಲ್ಲೊಂದು ಪ್ರಿಂಟರ್ ಇದೆ ಎಂಬ ಮಾತು ಗುಮಾಸ್ತನ ಬಾಯಿಂದ ಹೊರಬಿತ್ತು. ಮಾಡಿಕೊಡುತ್ತೇನೆ ಎಂದೇನೂ ಅವನು ಹೇಳಿರಲಿಲ್ಲ. ಮನೆಯಲ್ಲೊಂದು ಬೆಕ್ಕಿದೆ ಎಂದ ಹಾಗೆ ಹೇಳಿದ್ದ. ಸಾಹೇಬರು ತಲೆಯೆತ್ತಿ, ಇಷ್ಟು ವರ್ಷಗಳಿಂದ ಕರೆಯುತ್ತಿದ್ದ ಹೆಸರಿನಿಂದಲೇ ಅವನನ್ನು ಕರೆದು, ಹಾಗಾದರೆ ಮುಗಿಯಿತಲ್ಲ ಎಂದರು. ಆ ಹೆಸರು ಅವನದಲ್ಲ. ಅವನಿಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಕೂತಿದ್ದು, ಒಂದು ಮಧ್ಯಾಹ್ನ ಮೇಜಿಗೆ ತಲೆಯಾನಿಸಿ ತೀರಿಕೊಂಡ ಗುಮಾಸ್ತನದು. ಇವನು ಕೆಲಸಕ್ಕೆ ಸೇರಿದ ಮೊದಲ ದಿನ ಸಾಹೇಬರು ಹಾಗೆ ಕೂಗಿದಾಗ 'ಸಾರ್' ಎಂದು ಎದ್ದು ನಿಂತಿದ್ದ. ಹೊಸ ಕೆಲಸ, ಹೊಸ ಅಂಗಿ, ತಿದ್ದಲು ನಾಲಿಗೆ ಏಳಲಿಲ್ಲ. ಮರುದಿನ ತಿದ್ದಿದರೆ ನಿನ್ನೆ ಯಾಕೆ ಸುಮ್ಮನಿದ್ದೆ ಎಂದಾರು. ಹೀಗೆ ಒಂದೊಂದು ದಿನವೂ ಹಿಂದಿನ ದಿನದ ಮೇಲೆ ಕೂತು, ಈಗ ಪಡಸಾಲೆಯ ಜವಾನ ಕೂಡ ಸತ್ತವನ ಹೆಸರಿನಿಂದಲೇ ಅವನಿಗೆ ಚಹಾ ತಂದಿಡುತ್ತಿದ್ದ.

ಬಣ್ಣ ತೆಗೆದುಹಾಕಿದರೆ ಉಳಿಯುವುದೇ ಕಪ್ಪುಬಿಳುಪು ಎಂದು ಅವನು ನಂಬಿದ್ದ. ಕಂಪ್ಯೂಟರಿನ ಪರದೆಯ ಮೇಲೆ ಹಾಗೆಯೇ ಆಗಿತ್ತು. ಒಂದು ಗುಂಡಿ ಒತ್ತಿದ್ದಷ್ಟೆ, ಸಾಹೇಬರ ಅಂಗಿಯ ಬಣ್ಣವೂ ಹಿಂದಿನ ಗೋಡೆಯ ಬಣ್ಣವೂ ಹೋಗಿ, ಅವರು ಆಗಲೇ ಸಾಲಿಗೆ ಸೇರಿದವರ ಹಾಗೆ ಗಂಭೀರವಾದರು. ಒಪ್ಪದಿದ್ದದ್ದು ಪ್ರಿಂಟರ್. ಕಪ್ಪು ಶಾಯಿಯೊಂದನ್ನೇ ಬಳಸು ಎಂದು ಹೇಳಿದರೆ ಮುಖದ ತುಂಬ ಮೆಣಸಿನ ಪುಡಿ ಎರಚಿದಂಥ ಚುಕ್ಕಿಗಳು. ಹೊಳಪಿನ ಕಾಗದ ಕೊಟ್ಟರೆ ಕಪ್ಪನ್ನು ಮುಟ್ಟುವುದೇ ಇಲ್ಲ. ನೀಲಿ, ಕೆಂಪು, ಹಳದಿ ಮೂರನ್ನೂ ಕಲಸಿ ತಾನೇ ಬೂದು ತಯಾರಿಸಲು ಹೊರಡುತ್ತದೆ, ಎಲ್ಲೋ ಒಂದು ಹನಿ ಹೆಚ್ಚುಕಮ್ಮಿಯಾಗಿ ಸಾಹೇಬರು ನೇರಳೆಯಾಗುತ್ತಾರೆ. ನೇರಳೆ ಕಡಿಮೆ ಮಾಡಿದರೆ ಹಸಿರಾಗುತ್ತಾರೆ. ಶಾಯಿ ಮಾರುವವನ ಹತ್ತಿರ ಹೋಗಿ ಎರಡು ಹಾಳೆ ತೋರಿಸಿದ. ಅಂಗಡಿಯವನು ಸಾಹೇಬರನ್ನು ಅಡ್ಡ ತಿರುಗಿಸಿ, ಉದ್ದ ತಿರುಗಿಸಿ, ಇವರಿಗೆ ಮೈ ಹುಷಾರಿಲ್ಲವೇ ಎಂದು ವಿಚಾರಿಸಿದ. ಆಮೇಲೆ ವಿಷಯ ತಿಳಿದು, ಮರುಕದಿಂದ ಹೇಳಿದ:

"ಸಾರ್, ಇದು ಬಣ್ಣದ ಮಿಷಿನ್ನು. ಬೂದು ಅನ್ನೋದು ಇದರ ಹೊಟ್ಟೇಲೇ ಇಲ್ಲ. ಮೂರೂ ಬಣ್ಣ ಸಮಸಮ ಬಿದ್ರೆ ಬಣ್ಣ ಇಲ್ಲ ಅನ್ನೋ ಹಾಗೆ ಕಾಣುತ್ತೆ, ಅಷ್ಟೆ. ಸಮ ಬೀಳಬೇಕಲ್ಲ."

ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತಾಗ ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಅವ್ವ ಆಸ್ಪತ್ರೆಯಲ್ಲಿದ್ದಾಗ ಸಾಹೇಬರು ಒಂದು ಚೀಲ ಕಿತ್ತಳೆ ತೆಗೆದುಕೊಂಡು ಬಂದಿದ್ದರು. ಕಚೇರಿಯ ಬೇರೆ ಯಾರೂ ಬಂದಿರಲಿಲ್ಲ. ಕಬ್ಬಿಣದ ಬೆಂಚಿನ ಮೇಲೆ ಸಂಜೆಯವರೆಗೂ ಕೂತು, ಒಂದೊಂದೇ ತೊಳೆಯ ಸಿಪ್ಪೆ ಸುಲಿದು, ಬೀಜ ತೆಗೆದು, ಅವ್ವನ ಬಾಯಿಗೆ ಅವರೇ ಇಟ್ಟಿದ್ದರು. ಅಷ್ಟು ಹುಷಾರಾಗಿ ಅವರು ಯಾವ ಕಡತವನ್ನೂ ಬಿಚ್ಚಿದ್ದನ್ನು ಇವನು ಕಂಡಿರಲಿಲ್ಲ. ನಡುನಡುವೆ ಇವನನ್ನು ಆ ಹೆಸರಿನಿಂದ ಕರೆದು ನೀರು ಕೊಡಿ, ಬಟ್ಟೆ ಕೊಡಿ ಎನ್ನುತ್ತಿದ್ದರು. ಕಣ್ಣು ಮಂಜಾಗಿದ್ದ ಅವ್ವ ಹೆಸರು ಕೇಳಿ ಕೇಳಿ, ಕೋಣೆಯಲ್ಲಿ ಇನ್ನೊಬ್ಬ ಇದ್ದಾನೆಂದೇ ತಿಳಿದಳು. ನಿನ್ನ ಸ್ನೇಹಿತನಿಗೂ ಒಂದು ತೊಳೆ ಕೊಡಪ್ಪ, ಪಾಪ, ಆಗಿನಿಂದ ನಿಂತೇ ಇದ್ದಾನೆ ಎಂದು ಮಗನಿಗೆ ಹೇಳಿದಳು. ಸಾಹೇಬರು ತೊಳೆ ನೀಡಿದರು. ಇವನು ಮಂಚವನ್ನು ಸುತ್ತಿ ಆ ಕಡೆಗೆ ಹೋಗಿ, ಸತ್ತವನ ಪರವಾಗಿ ಅದನ್ನು ತಿಂದ. ಸಿಹಿಯಾಗಿತ್ತು. ಅವ್ವ ಹೋದ ಮೇಲೆ ಇವನಿಗೆ ಅಳು ಬಂದದ್ದು ಆ ತೊಳೆಯನ್ನು ನೆನೆದಾಗ ಮಾತ್ರ, ಅದೂ ಅರ್ಧ ಅಳು, ಇನ್ನರ್ಧ ಯಾರಿಗೂ ಹೇಳಲಾಗದ ನಗು. ಈಗ ಚೀಲದಲ್ಲಿದ್ದ ಹಸಿರು ಸಾಹೇಬರನ್ನು ತೊಡೆಯ ಮೇಲಿಟ್ಟುಕೊಂಡು, ಈ ಮನುಷ್ಯನನ್ನು ಕಂಡರೆ ತನಗೆ ಏನು ಅನಿಸುತ್ತದೆ ಎಂದು ಅವನು ತನ್ನನ್ನೇ ಕೇಳಿಕೊಂಡ. ಉತ್ತರ ಬರುವಷ್ಟರಲ್ಲಿ ಇಳಿಯುವ ನಿಲ್ದಾಣ ದಾಟಿಹೋಗಿತ್ತು.

ನಿವೃತ್ತಿಯ ದಿನ ಬಂತು, ಹೋಯಿತು. ಚಿತ್ರವಿಲ್ಲದೆ ಬೀಳ್ಕೊಡುಗೆ ಇಲ್ಲ, ಬೀಳ್ಕೊಡುಗೆಯಿಲ್ಲದೆ ಬೀಗದ ಕೈ ಕೊಡುವಂತಿಲ್ಲ, ಕೊಡದೆ ಹೋಗುವುದಾದರೂ ಹೇಗೆ ಎಂದು ಸಾಹೇಬರು ಮರುದಿನ ಎಂದಿನ ಹೊತ್ತಿಗೆ ಬಂದು ಕುರ್ಚಿಯಲ್ಲಿ ಕೂತರು. ಯಾರಿಗೂ ಇದು ತಪ್ಪೆನ್ನಲು ಬಾಯಿ ಬರಲಿಲ್ಲ. ಅವರ ಜಾಗಕ್ಕೆ ಬಂದಿದ್ದ ಹೊಸ ಮೇಡಂ ಪಡಸಾಲೆಯ ಬೆಂಚಿನ ಮೇಲೆ, ಹಳಬರ ಸಾಲಿನ ಕೆಳಗೆ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮೊದಮೊದಲು ನಲ್ಲಿಯ ದೂರು ಹೇಳಲು ಬಂದವರೆಂದು ತಿಳಿದು ಜವಾನ ಅವರನ್ನು ಸರತಿಗೆ ಕಳಿಸುತ್ತಿದ್ದ. ದಿನಕ್ಕೊಂದು ಹೊಸ ಹಾಳೆ ತಂದು ಗುಮಾಸ್ತ ಗೋಡೆಗೆ ಹಿಡಿಯುವನು; ಕಚೇರಿಯೆಲ್ಲ ಎದ್ದು ಬಂದು ನೋಡುವುದು. ಲೆಕ್ಕಪತ್ರದವರಿಗೆ ನೀಲಿ ಕಂಡರೆ ಟೈಪಿಸ್ಟಳಿಗೆ ಕೆಂಪು ಕಾಣುವುದು. ಜವಾನನಿಗೆ ಯಾವ ಬಣ್ಣವೂ ಕಾಣುವುದಿಲ್ಲ, ಅದಕ್ಕೆ ಎಲ್ಲರೂ ಅವನನ್ನು ಬೈಯುವರು. ಸಾಹೇಬರು ಕನ್ನಡಕ ಹಣೆಗೇರಿಸಿ ತಮ್ಮ ಮೂಗಿನ ಹತ್ತಿರ ಮೂಗು ತಂದು, ಸ್ವಲ್ಪ ಗುಲಾಬಿ ಇದೆ ಅಲ್ಲವೇನ್ರೀ ಎನ್ನುವರು. ಇದೆ ಸಾರ್ ಎನ್ನುವನು ಇವನು. ಅವರ ದನಿಯಲ್ಲಿ ಬೇಸರವಿರಲಿಲ್ಲ. ತಪ್ಪು ಸಿಕ್ಕಿದ್ದಕ್ಕೆ ಒಂದು ಬಗೆಯ ನೆಮ್ಮದಿ ಇತ್ತು. ಅದನ್ನು ಗುರುತಿಸಿದ್ದು ತಾನೊಬ್ಬನೇ ಎಂದು ಗುಮಾಸ್ತನಿಗೆ ಅನಿಸಿ, ಯಾವುದೋ ಕಳ್ಳತನದಲ್ಲಿ ಪಾಲುಗಾರನಾದಂತೆ ಅವನು ಹಾಳೆಯನ್ನು ಬೇಗಬೇಗ ಸುತ್ತಿಟ್ಟ.

ಸಾಹೇಬರು ಮನೆಗೇ ಬರತೊಡಗಿದ್ದು ಆಮೇಲೆ. ಯಂತ್ರದ ಹತ್ತಿರವೇ ಇದ್ದರೆ ತಪ್ಪು ಎಲ್ಲಾಗುತ್ತಿದೆಯೆಂದು ತಿಳಿದೀತು ಎಂಬುದು ಅವರ ವಾದ. ಕಚೇರಿ ಬಿಟ್ಟವರೇ ಗುಮಾಸ್ತನ ಜೊತೆ ಬಸ್ಸು ಹತ್ತಿ ಬಂದು, ಬೂಟು ಬಿಚ್ಚಿಟ್ಟು, ಪ್ರಿಂಟರಿನ ಎದುರು ಸ್ಟೂಲ್ ಎಳೆದುಕೊಂಡು ಕೂತುಬಿಡುವರು. ಯಂತ್ರ ಗೊರಗೊರ ಎನ್ನುತ್ತ ಮೊದಲು ಅವರ ಕೂದಲನ್ನು, ಆಮೇಲೆ ಹಣೆಯನ್ನು ಹೊರಗೆ ತಳ್ಳುವುದನ್ನು ಉಸಿರು ಬಿಗಿಹಿಡಿದು ನೋಡುವರು. ಹುಬ್ಬು ಬಂದಾಗ, ಇಲ್ಲಿಯವರೆಗೆ ಪರವಾಗಿಲ್ಲ ಎನ್ನುವರು. ಮೂಗು ಬಂದಾಗ ಸುಮ್ಮನಾಗುವರು. ಗಲ್ಲ ಹೊರಬರುವ ಹೊತ್ತಿಗೆ ಅವರ ಗಲ್ಲವೂ ಇಳಿದಿರುತ್ತಿತ್ತು. ಆರಲೆಂದು ಬಟ್ಟೆಯ ಹಗ್ಗಕ್ಕೆ ಸಿಕ್ಕಿಸಿದ ಸಾಹೇಬರುಗಳು ಬಚ್ಚಲಿನವರೆಗೆ ತೂಗಾಡುತ್ತಿದ್ದರು. ಸ್ನಾನಕ್ಕೆ ಹೋಗುವಾಗ ಹೆಂಡತಿ ಅವರನ್ನೆಲ್ಲ ಗೋಡೆಯ ಕಡೆಗೆ ತಿರುಗಿಸಿ ಹೋಗುವಳು. ಕೆಟ್ಟ ಹಾಳೆಗಳನ್ನು ಅವಳು ಅಡುಗೆಮನೆಯ ಗೂಡುಗಳಿಗೆ ಹಾಸಿದ್ದಳು. ಒಂದು ಸಂಜೆ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಸಾಹೇಬರು ತಾವೇ ಹೋಗಿ ಡಬ್ಬಿ ಎತ್ತಿದಾಗ, ಕೆಳಗಿನಿಂದ ನೇರಳೆ ಸಾಹೇಬರು ಅವರನ್ನು ದಿಟ್ಟಿಸುತ್ತಿದ್ದರು. ಗುಮಾಸ್ತನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಸಾಹೇಬರು ಹಾಳೆಯನ್ನು ಮೆಲ್ಲಗೆ ಹೊರಗೆಳೆದು, ಸಕ್ಕರೆ ಕೊಡವಿ, ಬೆಳಕಿಗೆ ಹಿಡಿದು, ಇದು ಅಷ್ಟೇನೂ ಕೆಟ್ಟಿರಲಿಲ್ಲ ಕಣ್ರೀ ಎಂದರು.

ಹೆಂಡತಿಗೆ ಮಾತ್ರ ಅವರ ಬಗ್ಗೆ ಹೆದರಿಕೆಯಿರಲಿಲ್ಲ. ಸುಮ್ಮನೆ ಕೂರುವ ಬದಲು ಇದನ್ನಾದರೂ ಮಾಡಿ ಎಂದು ಬಟಾಣಿಯ ಮೊರವನ್ನು ಅವರ ಮುಂದಿಟ್ಟಿದ್ದಳು, ಅವರು ಬಿಡಿಸುತ್ತಿದ್ದರು. ಆಗಲೇ, ಯಂತ್ರ ಕಾಗದ ಕಚ್ಚಿಕೊಂಡಿತೆಂದು ಹೇಳಲು ಸಾಹೇಬರು ಆ ಹೆಸರು ಹಿಡಿದು ಕೂಗಿದ್ದು. ಪಕ್ಕದ ಕೋಣೆಯಿಂದ ಗುಮಾಸ್ತ, ರೂಢಿಯಂತೆ, ಸಾರ್ ಎಂದು ಓಡಿ ಬಂದ. ಹೆಂಡತಿ ಇಬ್ಬರನ್ನೂ ನೋಡಿದಳು. ಕಚೇರಿಯ ಈ ಸಂಗತಿಯನ್ನು ಅವನು ಮನೆಯಲ್ಲಿ ಎಂದೂ ಹೇಳಿರಲಿಲ್ಲ.

"ಯಾರನ್ನ ಕರೀತಿದೀರಿ?" ಎಂದು ಕೇಳಿದಳು.

"ಇವರನ್ನೇ."

"ಅದು ಇವರ ಹೆಸರಲ್ಲ."

ಗುಮಾಸ್ತ ಯಂತ್ರದ ಮುಚ್ಚಳ ತೆಗೆದು, ಸಿಕ್ಕಿಕೊಂಡಿದ್ದ ಹಾಳೆಯನ್ನು ಎಳೆಯಲು ಬಗ್ಗಿದ. ಬಗ್ಗಿದವನು ಏಳಲಿಲ್ಲ. ಹಿಂದಿನಿಂದ ಸಾಹೇಬರ ದನಿ ಕೇಳಿಸಿತು, ಯಾವತ್ತಿನಷ್ಟೇ ಸಮಾಧಾನವಾಗಿ.

"ಗೊತ್ತಮ್ಮ. ಮೊದಲನೇ ದಿನ ಬಾಯ್ತಪ್ಪಿ ಕರೆದೆ, ಇವರು ಎದ್ದು ನಿಂತುಬಿಟ್ಟರು. ಅವರೇ ಎದ್ದು ನಿಂತ ಮೇಲೆ, ಎಲ್ಲರ ಮುಂದೆ, ನೀವಲ್ಲ ಕೂತ್ಕೊಳ್ಳಿ ಅನ್ನೋದು ಹೇಗೆ? ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಅವರು ಹೇಳಲೇ ಇಲ್ಲ."

ಆಮೇಲೆ ಬಟಾಣಿ ಬಟ್ಟಲಿಗೆ ಬೀಳುವ ಸದ್ದು ಮತ್ತೆ ಶುರುವಾಯಿತು. ಅರ್ಧ ಅಚ್ಚಾದ ಹಾಳೆ ಗುಮಾಸ್ತನ ಕೈಯಲ್ಲಿ ಹರಿದು ಬಂತು, ಅದರಲ್ಲಿ ಹಣೆ ಮಾತ್ರ ಇತ್ತು. ತಾನು ಅವರ ಮಾನ ಉಳಿಸುತ್ತಿದ್ದೇನೆಂದು ಇಷ್ಟು ವರ್ಷ ಅವನು ಅಂದುಕೊಂಡಿದ್ದ. ಅವರು ಅವನ ಮಾನ ಉಳಿಸುತ್ತಿದ್ದರು. ಇಬ್ಬರೂ ಸೇರಿ ಒಬ್ಬ ಸತ್ತವನನ್ನು ಸಾಕಿದ್ದರು, ಸಂಬಳ ಕೊಟ್ಟಿದ್ದರು, ರಜೆ ಮಂಜೂರು ಮಾಡಿದ್ದರು. ಹಾಗಾದರೆ ಆಸ್ಪತ್ರೆಯಲ್ಲಿ, ಅವ್ವನ ಮುಂದೆ ಆ ತೊಳೆಯನ್ನು ಚಾಚಿದ ಕೈಗೂ ಗೊತ್ತಿತ್ತು. ಸಿಟ್ಟು ಬರಬೇಕೆಂದು ಅವನು ಬಗ್ಗಿದಲ್ಲೇ ಕಾದ. ಸಿಟ್ಟು ಬಂತು, ಅದರ ಕೈ ಹಿಡಿದುಕೊಂಡು ಇನ್ನೇನೋ ಬಂತು, ಯಾವುದು ಎಷ್ಟು ಎಂದು ಬೇರೆಮಾಡಲಾಗದೆ ಬೆನ್ನು ನೋಯತೊಡಗಿದ್ದರಿಂದ ಎದ್ದು ನಿಂತ. ಮರುದಿನದಿಂದ ಕಚೇರಿಯಲ್ಲಿ ಸಾಹೇಬರು ಅವನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಇವರೇ, ಇಲ್ಲಿ ನೋಡ್ರೀ, ಎನ್ನುತ್ತಿದ್ದರು. ಅದು ಇನ್ನೂ ಕಷ್ಟವಾಯಿತು.

ಆ ವಾರವೇ ಹೊಸ ಮೇಡಂ ಬೆಂಚಿನಿಂದೆದ್ದು ಅವನ ಮೇಜಿನ ಹತ್ತಿರ ಬಂದರು. ಕೂರಲು ಹೇಳಿದರೆ ಕೂರಲಿಲ್ಲ, ಕೂತು ಕೂತು ಸಾಕಾಗಿದೆ ಎಂದರು. ಜಗಳದ ಹೆಂಗಸಲ್ಲ ಆಕೆ. ಬೆಂಚಿನ ಮೇಲಿನಿಂದಲೇ ಅರ್ಧ ಊರಿನ ನಲ್ಲಿಯ ದೂರುಗಳನ್ನು ಕೇಳಿ, ಯಾರನ್ನು ಎಲ್ಲಿಗೆ ಕಳಿಸಬೇಕೋ ಕಳಿಸಿ, ಜನ ಆಕೆಗೆ ಕೈಮುಗಿದು ಹೋಗುವಂತಾಗಿತ್ತು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಬೇಜಾರು ಮಾಡ್ಕೋಬೇಡಿ. ಅವರು ಹೋಗಬೇಕು ಅಂತ ನಿಮಗೆ ಮನಸ್ಸಿದೆಯಾ?"

ಗುಮಾಸ್ತ, ಯಂತ್ರದ ಹೊಟ್ಟೆಯಲ್ಲಿ ಬೂದು ಇಲ್ಲ ಮೇಡಂ ಎಂದ. ಹೇಳಬೇಕೆಂದಿದ್ದದ್ದು ಅದಲ್ಲ. ಆಕೆ, ಇಲ್ಲದಿದ್ದರೆ ಹಾಕಬೇಕಪ್ಪ ಎಂದು ಹೇಳಿ, ತಿರುಗಿ ಬೆಂಚಿಗೆ ಹೋದರು.

ಹಾಕಬಹುದು ಎಂದ ಅಂಗಡಿಯವನೂ. ಬಣ್ಣಗಳನ್ನೆಲ್ಲ ತೆಗೆದು ತೊಳೆದು, ಕಪ್ಪು ಶಾಯಿಗೇ ಬಣ್ಣವಿಲ್ಲದ ತಿಳಿಯಾದ ದ್ರವ ಬೆರೆಸಿ ತೆಳುಮಾಡಿ, ಒಂದರಲ್ಲಿ ದಟ್ಟ, ಒಂದರಲ್ಲಿ ನಡುವಿನದು, ಒಂದರಲ್ಲಿ ತೀರ ತೆಳುವಾದ ಬೂದು ತುಂಬಿಬಿಟ್ಟರೆ, ಯಂತ್ರ ತಾನು ಬಣ್ಣ ಸುರಿಯುತ್ತಿದ್ದೇನೆ ಎಂದೇ ತಿಳಿದು ಬೂದು ಸುರಿಯುತ್ತದೆ. ಆದರೆ ಆಮೇಲೆ ಅದು ಬಣ್ಣಕ್ಕೆ ಆಗುವುದಿಲ್ಲ, ಯೋಚಿಸಿ ಎಂದ. ಗುಮಾಸ್ತ ಯೋಚಿಸಲಿಲ್ಲ. ರಜೆ ಹಾಕಿ, ಸಾಹೇಬರಿಗೆ ತಿಳಿಸದೆ, ಬೆಳಗಿನಿಂದ ಬಚ್ಚಲಲ್ಲಿ ಕೂತು ತೊಳೆದ. ನೀಲಿ ಹರಿಯಿತು, ಕೆಂಪು ಹರಿಯಿತು, ಹಳದಿ ಹರಿದು ಮೂರೂ ಮೋರಿಯ ಬಾಯಲ್ಲಿ ಸೇರಿ, ಇಷ್ಟು ದಿನ ಹಾಳೆಯ ಮೇಲೆ ಬಾರದಿದ್ದ ಅಚ್ಚ ಬೂದಾಗಿ ಇಳಿದುಹೋದವು. ಇನ್ನು ಈ ಮನೆಯಲ್ಲಿ ಬಣ್ಣ ಬೇಕೆಂದರೆ ಹೊರಗೆ ಹೋಗಬೇಕು ಅನ್ನಿ ಎಂದಳು ಹೆಂಡತಿ. ಮಧ್ಯಾಹ್ನ ಯಂತ್ರದಿಂದ ಸಾಹೇಬರು ಹೊರಬಂದರು. ಕಿಟಕಿಗೆ ಒಯ್ದ, ದೀಪದ ಕೆಳಗೆ ಹಿಡಿದ, ಮೆಟ್ಟಿಲ ಕತ್ತಲೆಗೆ, ಪಕ್ಕದ ಮನೆಯವರ ಬಿಸಿಲಿಗೆ. ಎಲ್ಲೂ ಏನೂ ಇಲ್ಲ. ಹಸಿರಿಲ್ಲ, ನಾಚಿಕೆಯಿಲ್ಲ, ಅಪ್ಪಟ ಬೂದು. ಕುಣಿಯಬೇಕೆನಿಸಿತು, ಕುಣಿಯಲು ಜಾಗ ನೋಡಿದ, ಕೈಯಲ್ಲಿ ಸಾಹೇಬರಿದ್ದುದರಿಂದ ಕುಣಿಯಲಿಲ್ಲ.

ಬೀಳ್ಕೊಡುಗೆ ಮಾರನೆಯ ಬೆಳಗ್ಗೆಯೇ ನಡೆಯಿತು. ಹಾರ ತಂದರು, ಗೋಡೆ ಗಡಿಯಾರವೊಂದನ್ನು ಕಾಗದ ಸುತ್ತಿ ತಂದರು. ಜವಾನ ಏಣಿ ಹತ್ತಿ ಚೌಕಟ್ಟನ್ನು ಸಾಲಿನ ಕೊನೆಯ ಮೊಳೆಗೆ ಸಿಕ್ಕಿಸಿ ಇಳಿದ. ಎಲ್ಲರೂ ಚಪ್ಪಾಳೆಗೆ ಕೈಯೆತ್ತಿದರು, ಎತ್ತಿದ ಕೈ ಹಾಗೇ ನಿಂತವು. ಮೊದಲು ಬಾಯಿಬಿಟ್ಟವರು ಲೆಕ್ಕಪತ್ರದವರು. ನೀಲಿ ಎಂದರು. ಈ ಸಲ ಟೈಪಿಸ್ಟಳಿಗೂ ನೀಲಿಯೇ ಕಂಡಿತು, ಜವಾನನಿಗೂ ಕಂಡಿತು. ಗುಮಾಸ್ತ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದ. ಮೊದಲನೆಯ ಮುಖ್ಯಾಧಿಕಾರಿ ಆರಿದ ಚಹಾದ ಬಣ್ಣ, ಅವರ ಪಕ್ಕದವರು ಹಳೆಯ ಹುಲ್ಲಿನ ಬಣ್ಣ, ಆಚೆಯವರು ಮರದ ಹಲಗೆಯ ಬಣ್ಣ. ವರ್ಷಗಳು ಕಳೆದು ಕಂದುಗಟ್ಟಿ, ಕಪ್ಪುಬಿಳುಪಾಗಿ ಅಲ್ಲಿ ಒಬ್ಬರೂ ಉಳಿದಿರಲಿಲ್ಲ. ದಿನವೂ ಅವರ ಕೆಳಗೆ ಓಡಾಡುತ್ತ, ಅವರಿಗೆ ಬಣ್ಣವೇ ಇಲ್ಲವೆಂದು ಕಚೇರಿಯೆಲ್ಲ ನಂಬಿತ್ತು. ಆ ಬೆಚ್ಚಗಿನ ಮುದುಕರ ಸಾಲಿನ ತುದಿಯಲ್ಲಿ ಸಾಹೇಬರೊಬ್ಬರೇ ಚಳಿಗಾಲದಲ್ಲಿ ನಿಂತ ಹಾಗಿದ್ದರು.

ಸಾಹೇಬರು ಹಾರವನ್ನು ಕೊರಳಲ್ಲಿ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖ ಅರಳಿತು. ಸ್ವಲ್ಪ ಕಂದು ಸೇರಿಸಿ ಇನ್ನೊಂದು ಸಲ ನೋಡೋಣ, ಸಂಜೆ ಮನೆಗೆ ಬರುತ್ತೇನೆ ಎಂದರು. ಬೆಂಚಿನ ಹತ್ತಿರ ಹೊಸ ಮೇಡಂ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಶಾಯಿ ಮುಗಿದಿದೆ ಸಾರ್," ಎಂದ ಗುಮಾಸ್ತ.

ಮನೆಯಲ್ಲಿ ಬಾಟಲಿಗಳು ತುಂಬಿ ಕೂತಿದ್ದವು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅದು ಯಾರದೋ ಬಾಯಿಯಿರಬೇಕೆಂದು ಅವನಿಗೇ ಅನುಮಾನವಾಯಿತು. ಸಾಹೇಬರು ಅವನ ಕಡೆ ತಿರುಗಿದರು. ಅವರಿಗೆ ಗೊತ್ತಾಯಿತು, ಗೊತ್ತಾದದ್ದು ಇವನಿಗೆ ಗೊತ್ತಾಯಿತು. ಈ ಸಲ ಯಾರೂ ಯಾರನ್ನೂ ಕಾಯಿಸಲಿಲ್ಲ.

"ಮುಗಿದ ಮೇಲೆ ಏನ್ಮಾಡೋಕಾಗುತ್ತೆ," ಎಂದು ಅವರು ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟರು. ಹೊಸ ಮೇಡಂ ಅದನ್ನು ಇಸಿದುಕೊಂಡು, ಮೊಟ್ಟಮೊದಲು ಆ ಬೆಂಚಿಗೊಂದು ದಿಂಬು ಹಾಕಿಸಿ ಎಂದರು.

ಗಡಿಯಾರ ಭಾರವಾಗಿದ್ದರಿಂದ ಗುಮಾಸ್ತ ಅದನ್ನು ಹೊತ್ತು ಜೊತೆಗೆ ಹೊರಟ. ಬಿಸಿಲು ನೆತ್ತಿಗೇರುತ್ತಿತ್ತು. ಸಾಹೇಬರು ಕೊರಳಿನ ಹಾರ ತೆಗೆಯುವುದನ್ನು ಮರೆತು, ಅಂಗಡಿಗಳ ಕಡೆ ತಿರುಗಿ ತಿರುಗಿ ನೋಡುತ್ತ, ಪರ ಊರಿಗೆ ಬಂದವರ ಹಾಗೆ ನಡೆಯುತ್ತಿದ್ದರು. ಈ ಹೊತ್ತಿನಲ್ಲಿ ಈ ರಸ್ತೆಯಲ್ಲಿ ನಡೆದೇ ಇಲ್ಲ ಕಣ್ರೀ, ಇಷ್ಟೊಂದು ಜನ ಏನು ಮಾಡುತ್ತಿರುತ್ತಾರೆ ಎಂದು ಕೇಳಿದರು. ಶಾಯಿಯ ವಿಷಯ ಹೇಳಿಬಿಡಬೇಕೆಂದು ಗುಮಾಸ್ತನ ಗಂಟಲಿಗೆ ಎರಡು ಸಲ ಬಂತು, ಗಡಿಯಾರವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ, ಮಾತು ಕೆಳಗಿಳಿಯಿತು. ಸಾಹೇಬರ ಮನೆ ಹತ್ತಿರವೇ ಇತ್ತು. ಬಾಗಿಲು ಅರೆ ತೆರೆದಿತ್ತು, ಒಳಗಿನಿಂದ ಹೆಂಗಸರ ನಗೆ, ರೇಡಿಯೋದ ಹಾಡು. ಸಾಹೇಬರು ಬಾಗಿಲು ತಳ್ಳಿ ಹೊಸ್ತಿಲಲ್ಲೇ ನಿಂತುಬಿಟ್ಟರು. ನಡುಮನೆಯಲ್ಲಿ ಮೇಜಿನ ಸುತ್ತ ನಾಲ್ವರು ಹೆಂಗಸರು ಇಸ್ಪೀಟು ಆಡುತ್ತಿದ್ದರು. ಅವರಲ್ಲಿ ಸಾಹೇಬರ ಹೆಂಡತಿ ಯಾರೆಂದು ಗುಮಾಸ್ತನಿಗೆ ಕೂಡಲೇ ತಿಳಿಯಲಿಲ್ಲ. ಗಂಡಸರ ಹಳೆಯ ಅಂಗಿಯ ತೋಳು ಮಡಿಸಿ ತೊಟ್ಟು, ಗೆಲ್ಲುವ ಎಲೆ ಕೈಯಲ್ಲಿ ಹಿಡಿದು ಕೂತಿದ್ದಾಕೆಯೇ ಇರಬೇಕು. ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿಯಲ್ಲಿ ಯಾರೋ ದಪ್ಪನೆಯ ಹೆಂಗಸು ಕಾಲು ಮೇಲಿಟ್ಟು ಕೂತಿದ್ದಳು. ನಾಲ್ವರೂ ಏಕಕಾಲಕ್ಕೆ ತಲೆಯೆತ್ತಿ, ಹಾರ ಹಾಕಿಕೊಂಡು ಬಂದ ಮನುಷ್ಯನನ್ನು ನೋಡಿದರು.

"ಒಳಗೆ ಬರಬಹುದಾ?" ಎಂದು ಕೇಳಿದರು ಸಾಹೇಬರು.

ಆಕೆ ಅವರನ್ನು ನೋಡಿದಳು, ಕೈಯಲ್ಲಿದ್ದ ಎಲೆಗಳನ್ನು ನೋಡಿದಳು. ದನಿಯಲ್ಲಿ ಸಿಟ್ಟಾಗಲಿ ನಿಷ್ಠುರವಾಗಲಿ ಇರಲಿಲ್ಲ.

"ಒಂದು ನಿಮಿಷ ಹೊರಗೆ ಕೂತಿರಿ. ಈ ಆಟ ಮುಗೀಲಿ."

ಜಗಲಿಯ ಮೇಲೆ ಕಲ್ಲು ಹಾಸಿತ್ತು. ಸಾಹೇಬರು ಪ್ಯಾಂಟಿನ ಮೊಣಕಾಲನ್ನು ಸ್ವಲ್ಪ ಮೇಲೆಳೆದುಕೊಂಡು ಕೂತರು. ಬೂಟು ಬಿಚ್ಚಬೇಕೋ ಬೇಡವೋ ಎಂದು ಒಂದು ಸಲ ಬಗ್ಗಿ, ಬಿಟ್ಟರು. ನೀವು ಹೋಗಿ, ಕೆಲಸವಿದೆ, ಹೊಸಬರು ಕಾಯುತ್ತಿರುತ್ತಾರೆ ಎಂದರು. ಗುಮಾಸ್ತ ಆಗಲಿ ಎಂದು ತಲೆಯಾಡಿಸಿ, ಗಡಿಯಾರವನ್ನು ಗೋಡೆಗೆ ಒರಗಿಸಿಟ್ಟು, ಅವರ ಪಕ್ಕದಲ್ಲಿ ಕೂತ. ಒಳಗೆ ಯಾರೋ ಎಲೆಯೊಂದನ್ನು ಮೇಜಿಗೆ ಬಡಿದರು, ಎಲ್ಲರೂ ನಕ್ಕರು, ಮತ್ತೆ ಎಲೆ ಕಲಸುವ ಸದ್ದು ಕೇಳಿಸಿತು.